ಕ್ಯಾವನ್‌ನಲ್ಲಿ ಯಾವ ಸ್ಮಿತ್?

ಡಬ್ಲಿನ್ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಅಮೆರಿಕದವಳು. ಸರ್‌ನೇಮ್ ಸ್ಮಿತ್. "ಇಂಗ್ಲಿಷರ ಹೆಸರಲ್ವಾ?" ಅಂತ ಸುಮ್ನೆ ಕೇಳಿದ್ದಕ್ಕೆ ಮುಖ ಕೆಂಪಾಯಿತು. ಅವಳ ಮುತ್ತಜ್ಜ ಐರ್ಲೆಂಡಿನದೇ ಕ್ಯಾವನ್ ಕೌಂಟಿಯಿಂದ ಹಡಗು ಹತ್ತಿದವರಂತೆ. ಆ ಕಡೆಯ ಸ್ಮಿತ್‌ಗಳಲ್ಲಿ ಬಹಳಷ್ಟು ಜನ ಮೊದಲು ಮ್ಯಾಕ್ ಗೌನ್‌ಗಳು. ಐರಿಷ್ ಭಾಷೆಯಲ್ಲಿ ಮ್ಯಾಕ್ ಅಂದರೆ ಮಗ, ಗೌ ಅಂದರೆ ಕಮ್ಮಾರ. ಇಂಗ್ಲಿಷರ ಆಳ್ವಿಕೆಯಲ್ಲಿ ಕಮ್ಮಾರನ ಮಗ ಸ್ಮಿತ್ ಆಗಿಬಿಟ್ಟ. ನನಗೆ ಧಾರವಾಡದ ಕಮ್ಮಾರ, ಬಡಿಗೇರ ಸಹಪಾಠಿಗಳು ನೆನಪಾದರು.

ಮುತ್ತಜ್ಜನ ಊರು ನೋಡಿ ಬರೋಣ ಅಂದುಕೊಂಡೆವು. ಹೊರಡುವ ಮುಂಚೆ ಹಳೆಯ ದಾಖಲೆ ಹುಡುಕಬೇಕಿತ್ತು. ಐರ್ಲೆಂಡಿನಲ್ಲಿ ಅದು ಸುಲಭವಲ್ಲ. 1922ರ ಜೂನ್‌ನಲ್ಲಿ, ಅಂತರ್ಯುದ್ಧ ಶುರುವಾದಾಗ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆಗಳ ಕಟ್ಟಡ ಸುಟ್ಟುಹೋಯಿತು. ಶತಮಾನಗಳ ಕಾಗದ ಬೂದಿಯಾಯಿತು. 1861ರಿಂದ 1891ರವರೆಗಿನ ಜನಗಣತಿಯನ್ನಂತೂ ಸರ್ಕಾರವೇ ಮೊದಲೇ ನಾಶ ಮಾಡಿತ್ತು. ಇಡಿಯಾಗಿ ಉಳಿದ ಹಳೆಯವು 1901 ಮತ್ತು 1911ರ ಗಣತಿ. ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಊಟದ ಬಿಡುವಿನಲ್ಲಿ ಅವಳು ಗಣತಿಯ ಫಾರಂ ತೆರೆದಳು. ಮುತ್ತಜ್ಜನ ಅಪ್ಪನಿಗೆ 1901ರಲ್ಲಿ 58 ವರ್ಷ, 1911ರಲ್ಲಿ 72! ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಮುದುಕರಾಗಿದ್ದರು. ಕಾರಣ ಪೆನ್ಷನ್. 1909ರಿಂದ ಎಪ್ಪತ್ತು ದಾಟಿದವರಿಗೆ ವೃದ್ಧಾಪ್ಯ ವೇತನ ಶುರುವಾಗಿತ್ತು. ಜನನ ನೋಂದಣಿ ಎಲ್ಲರಿಗೂ ಬಂದದ್ದೇ 1864ರಲ್ಲಿ, ಹಾಗಾಗಿ ಮುದುಕರ ವಯಸ್ಸಿಗೆ ಪುರಾವೆ ಎಲ್ಲಿ? ನಾವು ಜೋರಾಗಿ ನಕ್ಕೆವು. ಆಮೇಲೆ ಅವರ ಹೆಂಡತಿಯ ಸಾಲು ಓದಿದೆವು. ಹುಟ್ಟಿದ ಮಕ್ಕಳು 9, ಬದುಕಿರುವವರು 6. ಗೆಳತಿ ಲ್ಯಾಪ್‌ಟಾಪ್ ಮುಚ್ಚಿ ಟೀ ತರಲು ಹೋದಳು.

ಫಾರಂನಲ್ಲಿ ಟೌನ್‌ಲ್ಯಾಂಡ್ ಹೆಸರೂ ಇತ್ತು. ಅದು ನಮ್ಮ ಮಜರೆಯಷ್ಟು ಚಿಕ್ಕ ಜಾಗ. ದ್ವೀಪದಲ್ಲಿ ಅಂಥವು ಅರವತ್ತು ಸಾವಿರಕ್ಕೂ ಜಾಸ್ತಿ. ಅದಿಲ್ಲದೆ ಬರೀ ಸ್ಮಿತ್ ಎಂದುಕೊಂಡು ಕ್ಯಾವನ್‌ಗೆ ಹೋದರೆ ಬಳ್ಳಾರಿಗೆ ಹೋಗಿ ಬರೀ ಬಸವರಾಜನನ್ನು ಹುಡುಕಿದ ಹಾಗೆ.

ಶನಿವಾರ ಬಸ್ಸು ಹತ್ತಿದೆವು. ಮಳೆ, ಸಣ್ಣ ಸಣ್ಣ ದಿಬ್ಬ, ದಿಬ್ಬಗಳ ನಡುವೆ ಕೆರೆ. ಟ್ಯಾಕ್ಸಿಯವರಿಗೆ ಫೋನ್ ನೋಡಿ ಊರು ಹೇಳಿದ್ದು ನಾನೇ. ಹೆಸರು ಸರಿ, ಜಾಗ ಬೇರೆ! ಅದೇ ಹೆಸರಿನ ಇನ್ನೊಂದು ಟೌನ್‌ಲ್ಯಾಂಡಿಗೆ ಹೋಗಿಬಿಟ್ಟಿದ್ದೆವು. ಪ್ಯಾರಿಷ್, ಅಂದರೆ ಚರ್ಚಿನ ವ್ಯಾಪ್ತಿಯ ಪ್ರದೇಶ, ಅದರ ಹೆಸರನ್ನೂ ನೋಡಿಕೊಳ್ಳಬೇಕಿತ್ತು. ಗೆಳತಿ ಏನೂ ಅನ್ನಲಿಲ್ಲ, ಮೀಟರ್ ನೋಡಿದಳು ಅಷ್ಟೇ.

ಸರಿಯಾದ ಚರ್ಚ್ ಸೇರಿದಾಗ ಮಧ್ಯಾಹ್ನ. ಸ್ಮಶಾನದಲ್ಲಿ ಎಲ್ಲಿ ತಿರುಗಿದರೂ ಸ್ಮಿತ್. ಹುಲ್ಲು ಕತ್ತರಿಸುತ್ತಿದ್ದ ಅಜ್ಜ ಮೆಷಿನ್ ನಿಲ್ಲಿಸಿ, "ಯಾವ ಸ್ಮಿತ್?" ಎಂದರು. ಒಂದೇ ಹೆಸರಿನವರು ಜಾಸ್ತಿಯಾದಾಗ ಮನೆತನಕ್ಕೊಂದು ಅಡ್ಡಹೆಸರು ಇಡುತ್ತಾರಂತೆ. ಗೆಳತಿ ಪ್ರಿಂಟ್ ತೆಗೆದುಕೊಟ್ಟಳು. ಅಜ್ಜ ಒದ್ದೆ ಬೆರಳನ್ನು ಹೆಸರುಗಳ ಮೇಲೆ ಆಡಿಸಿ, "ಓ, ಬಾವಿ ಸ್ಮಿತ್‌ಗಳು! ಮನೆ ಬಿದ್ದುಹೋಯ್ತು. ಬಾವಿ ಇದೆ" ಎಂದು ದಾರಿ ತೋರಿಸಿದರು.

ಹೊರಡುವಾಗ ನನ್ನ ಸರ್‌ನೇಮ್‌ಗೆ ಅರ್ಥವೇನು ಎಂದೂ ಕೇಳಿದರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದು ನಮ್ಮೂರಿನ ಹೆಸರೇ ಸರ್‌ನೇಮ್ ಆಗಿದ್ದನ್ನು ಹೇಳಿದೆ.

"ಟೌನ್‌ಲ್ಯಾಂಡನ್ನೇ ಹೊತ್ಕೊಂಡು ತಿರುಗ್ತೀಯಾ ಅನ್ನು" ಎಂದು ನಕ್ಕು ಅಜ್ಜ ಮೆಷಿನ್ ಶುರು ಮಾಡಿದರು.