ಅಮ್ಮನ ಚಾಪೆ ಮತ್ತು ನನ್ನ ಸಿಪಿಯು

24 ಏಪ್ರಿಲ್ 2024, ಬುಧವಾರ
ದಾವಣಗೆರೆ, ರಾತ್ರಿ 11.40

ನಿನ್ನೆ ರಾತ್ರಿ ಒಂದು ಗಂಟೆ ಇರಬಹುದು. ಹೆಡ್‌ಫೋನ್ ಹಾಕಿಕೊಂಡು ಮದುವೆ ವಿಡಿಯೋ ಎಡಿಟ್ ಮಾಡುತ್ತಾ ಕೂತಿದ್ದೆ. ಹಿಂದೆ ಏನೋ ಸರಿದಂತಾಯಿತು. ತಿರುಗಿ ನೋಡಿದರೆ ಅಮ್ಮ ಚಾಪೆ, ದಿಂಬು ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಹಾಲ್ ಕಡೆ ಹೊರಟಿದ್ದಾಳೆ. ಯಾಕಮ್ಮ ಅಂದೆ. "ಏನಿಲ್ಲ, ಅಲ್ಲಿ ನೆಲ ತಣ್ಣಗೈತೆ" ಅಂದಳು. ಅಷ್ಟೇ.

ಹಾಲ್ ನೆಲ ಎಲ್ಲಿಯ ತಣ್ಣಗೆ? ಅಲ್ಲೂ ಮೇಲೆ ಇದೇ ಮೋಲ್ಡಿಂಗು, ಬೆಳಗಿಂದ ಕಾದದ್ದು. ಮೇಲಾಗಿ ಅಲ್ಲಿನ ಫ್ಯಾನಿನ ರೆಗ್ಯುಲೇಟರ್ ಕೆಟ್ಟು ಎರಡು ತಿಂಗಳಾಯಿತು.

ನಾನು ನಿನ್ನೆ ಸಂಜೆಯಷ್ಟೇ ಬಹಳ ಖುಷಿಯಲ್ಲಿದ್ದೆ. ವಾರದಿಂದ ಕಾಟ ಕೊಡುತ್ತಿದ್ದ ಸಿಪಿಯುವನ್ನು ನಾನೇ ಬಿಚ್ಚಿ ಸರಿ ಮಾಡಿದ್ದೆ. ರೆಂಡರಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡಲು, ಹಾಕಿದ ಹತ್ತೇ ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗಬಾರದಲ್ವಾ. ತೆಗೆದು ನೋಡಿದರೆ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಹಳೇ ದಿಂಬಿನ ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಅವೆರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಹಕ್ಕಳೆಯಾಗಿತ್ತು. ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಚ್ಚಿದೆ. ಅಂಗಡಿಯವನು ಹೇಳಿದ ಹಾಗೆ ಮುಂದೆ ಗಾಳಿ ಎಳೆಯಲು ಎರಡು ಫ್ಯಾನ್, ಹಿಂದೆ ತಳ್ಳಲು ಒಂದು. ಆಮೇಲೆ 79 ಡಿಗ್ರಿ! ಸ್ಕ್ರೀನ್‌ಶಾಟ್ ತೆಗೆದು ತಮ್ಮನಿಗೆ ಕಳಿಸಿದೆ. ಹೆಬ್ಬೆರಳು ತೋರಿಸಿದ.

ಬೆಳಿಗ್ಗೆ ಟೀ ಕುಡಿಯುವಾಗ ಅಮ್ಮನಿಗೂ ಅದನ್ನೇ ಹೇಳಿದೆ. ಈಗ ಮೊದಲಿನಷ್ಟು ಬಿಸಿ ಆಗೋದಿಲ್ಲಮ್ಮ, 21 ಡಿಗ್ರಿ ಕಡಿಮೆ ಮಾಡಿದೀನಿ ಅಂದೆ.

"ಯಾರಿಗೆ?" ಅಂದಳು.

"ಅದಕ್ಕೆ. ಮೂರು ಫ್ಯಾನ್ ಹಾಕಿದೀನಿ."

"ಅವು ಗಾಳಿನ ಎಲ್ಲಿಗೆ ಬಿಡ್ತಾವೆ?"

"ಹೊರಗೆ."

"ಹೊರಗೆ ಅಂದ್ರೆ? ರೂಮಿಗೇ ಅಲ್ವೇನೆ? ನಿನ್ನೆ ಅದರ ಹಿಂದಿಂದ ನನ್ನ ಮುಖಕ್ಕೇ ಬರ್ತಿತ್ತು. ಮೊದಲು ಇಷ್ಟು ಝಳ ಇರಲಿಲ್ಲ ಕಣೆ. ಮಂಡಕ್ಕಿ ಭಟ್ಟಿ ಮುಂದೆ ಮಲಗಿದಂಗಾತು."

ಮೊದಲು ಇಷ್ಟು ಇರಲಿಲ್ಲ ಅನ್ನುವುದನ್ನು ನಾನು ನಂಬಲಿಲ್ಲ. ರಿಪೇರಿ ಆದ ಮೇಲೆ ಜಾಸ್ತಿ ಹೇಗಾಗುತ್ತದೆ? ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು. ಅವಳು ಹೇಳಿದ್ದೇ ಸರಿ. ಧೂಳು ತುಂಬಿದ್ದಾಗ ಅದು ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು, ಕರೆಂಟೂ ಕಡಿಮೆ ತಿನ್ನುತ್ತಿತ್ತು. ಈಗ ಪೂರ್ತಿ ಓಡುತ್ತಿದೆ. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗಬೇಕು. ನಾನು ಇಳಿಸಿದ್ದು ಒಂದು ಇಂಚಿನ ಚಿಪ್ಪಿನ ಬಿಸಿಯನ್ನು. ಏರಿಸಿದ್ದು ಅಮ್ಮ ಮಲಗುವ ರೂಮಿನದನ್ನು.

ಲೆಕ್ಕ ಹಾಕಿದೆ. ನನ್ನ ಪ್ರೊಸೆಸರ್ ಐ5, 12400. ಹೆಸರಿಗೆ 65 ವ್ಯಾಟ್, ಜೋರಾಗಿ ಓಡಿದರೆ 117ರವರೆಗೂ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ 3060, ಅದು 170. ಮಾನಿಟರ್, ಅದು ಇದು ಸೇರಿ ಇನ್ನೊಂದು ಐವತ್ತು. ಎಲ್ಲ ಒಟ್ಟಿಗೆ ಓಡಿದರೆ 340ರ ಹತ್ತಿರ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ಅಂದರೆ ಹತ್ತಕ್ಕೆ ಹತ್ತರ ಈ ರೂಮಿನಲ್ಲಿ ನಾನು, ಅಮ್ಮ, ಜೊತೆಗೆ ಕಣ್ಣಿಗೆ ಕಾಣದ ಮೂರು ಜನ ನೆಂಟರು. ರಾತ್ರಿಯಿಡೀ.

ಎಸಿ ಹಾಕಿಸು ಅಂತ ತಮ್ಮ. ಅವನಿಗೇನು, ಬೆಂಗಳೂರಲ್ಲಿ ಕೂತು ಹೇಳುತ್ತಾನೆ. ಬಿಸಿ ಮಾಡಲು ಒಂದು ಕರೆಂಟ್, ಆ ಬಿಸಿಯನ್ನು ಆಚೆ ಹಾಕಲು ಇನ್ನೊಂದು ಕರೆಂಟ್.

ನಡುವೆ ಫೋಟೋಗ್ರಾಫರ್ ಫೋನ್. ಈ ಸಲ ಶುಕ್ರ ಅಸ್ತ, ಮೇ ಜೂನಲ್ಲಿ ಮುಹೂರ್ತವೇ ಕಡಿಮೆ ಅಂತ ಎಲ್ಲರೂ ಏಪ್ರಿಲ್‌ಗೇ ಮುಗಿಬಿದ್ದಿದ್ದಾರೆ. ನನ್ನ ಟೇಬಲ್ ಮೇಲೆ ಏಳು ಮದುವೆ ಇವೆ. ಹೆಣ್ಣಿನ ಅಪ್ಪನಿಗೆ ತಾಳಿ ಕಟ್ಟುವುದು ಇನ್ನೂ ನಿಧಾನ ಬೇಕಂತೆ. ಈಗಾಗಲೇ ಆ ಹುಡುಗ ನಲವತ್ತು ಸೆಕೆಂಡಿನಿಂದ ತಾಳಿ ಹಿಡಿದುಕೊಂಡೇ ಇದ್ದಾನೆ. ಇನ್ನೂ ನಿಧಾನ ಮಾಡಿದರೆ ಮುಹೂರ್ತ ಮೀರುತ್ತದೆ ಸರ್ ಅಂದೆ. ಅವರು ನಗಲಿಲ್ಲ. ಹೊರಗೆ ಪ್ರಚಾರದ ಆಟೋ ಬೇರೆ, ಮೇ 7ಕ್ಕೆ ಮತದಾನ ಅಲ್ವಾ, ಒಂದೇ ಹಾಡು ದಿನಕ್ಕೆ ಹತ್ತು ಸಲ.

ಮಧ್ಯಾಹ್ನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ತಂದು ರೂಮಿನ ಕಿಟಕಿಗೆ ಹಗ್ಗದಲ್ಲಿ ಕಟ್ಟಿದೆ. ದಡ್ಡತನ. ಮೊಬೈಲ್‌ನಲ್ಲಿ ಹೊರಗೆ 39 ತೋರಿಸುತ್ತಿತ್ತು. ಒಳಗಿನ ಗಾಳಿ ಆಚೆ ಹೋದಷ್ಟೂ ಬಾಗಿಲಿಂದ ಆ 39 ಡಿಗ್ರಿ ಗಾಳಿಯೇ ಒಳಗೆ ಬಂತು. ಈ ಉಪಾಯ ರಾತ್ರಿಗಷ್ಟೇ. ಬೆಳಗಿನ ಜಾವ ನಾಲ್ಕರಿಂದ ಆರು ಇನ್ನೂ ಒಳ್ಳೆಯದು, ಆದರೆ ಏಳು ಮದುವೆ ಎರಡು ಗಂಟೆಯಲ್ಲಿ ಮುಗಿಯುತ್ತವೆಯೇ?

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ತವರು ಹರಿಹರದ ಆಚೆ, ಮಾಳಿಗೆ ಮನೆ. ಒಲೆಯ ನೆತ್ತಿಗೆ ಸರಿಯಾಗಿ ಗವಾಕ್ಷಿ ಇತ್ತಂತೆ, ಹೊಗೆ, ಬಿಸಿ ಎಲ್ಲ ಅದರಲ್ಲೇ ಹೋಗುತ್ತಿತ್ತಂತೆ. "ಗವಾಕ್ಷಿಗೂ ತಡೀದಷ್ಟು ಉರಿ ಆದ್ರೆ ನಮ್ಮವ್ವ ಒಂದು ಕಟ್ಟಿಗೆ ಹಿರಿದು ಪಕ್ಕಕ್ಕೆ ಇಡ್ತಿದ್ಲು. ಅನ್ನ ಆಗ್ತಿತ್ತಪ್ಪ, ಸ್ವಲ್ಪ ತಡ." ಇಷ್ಟು ಹೇಳಿ ಎಕ್ಸಾಸ್ಟ್ ಫ್ಯಾನ್ ಯಾವಾಗ ವಾಪಸ್ ಹಾಕ್ತೀಯ, ಒಗ್ಗರಣೆ ಹಾಕಬೇಕು ಅಂದಳು.

ಕಟ್ಟಿಗೆ ಹಿರಿದೆ. ಗ್ರಾಫಿಕ್ಸ್ ಕಾರ್ಡಿಗೆ 70 ಪರ್ಸೆಂಟ್ ಮಿತಿ ಹಾಕಿದೆ, 119 ವ್ಯಾಟಿಗೆ ನಿಂತಿತು. ಬಯೋಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿಗೆ, ಹೋಗಿ ಪ್ರೊಸೆಸರನ್ನು 65 ದಾಟದ ಹಾಗೆ ಕಟ್ಟಿಹಾಕಿದೆ. ಎರಡು ಗಂಟೆ ಹತ್ತು ನಿಮಿಷದ ರೆಂಡರ್ ಈಗ ಎರಡೂವರೆ ಗಂಟೆ. ಮೂವರು ನೆಂಟರಲ್ಲಿ ಒಬ್ಬರು ಎದ್ದು ಹೋದ ಹಾಗಾಯಿತು. ಫ್ಯಾನಿನ ಸದ್ದೂ ಇಳಿದಿದೆ. ಮೊದಲೇ ಇದನ್ನು ಮಾಡಿದ್ದರೆ ಹೊಸ ಫ್ಯಾನುಗಳ ದುಡ್ಡು ಉಳಿಯುತ್ತಿತ್ತೇನೋ. ಅಂಗಡಿಯವನು ಇದನ್ನು ಯಾಕೆ ಹೇಳುತ್ತಾನೆ.

ರಾತ್ರಿ ಊಟ ಆದ ಮೇಲೆ, ರೂಮಿಗೇ ಬಾಮ್ಮ, ಈಗ ಝಳ ಕಡಿಮೆ ಐತೆ ಅಂದೆ. ಸಿಪಿಯು ಹಿಂದೆ ಕೈ ಹಿಡಿದು ನೋಡಿದಳು, ಜ್ವರ ನೋಡುವ ಹಾಗೆ. "ನಾಳೆ ನೋಡಾಣ" ಅಂತ ಚಾಪೆಯನ್ನು ಹಾಲ್‌ನಲ್ಲೇ ಹಾಸಿದಳು. ಈಗ ಅಲ್ಲಿಂದ ಬೀಸಣಿಗೆಯ ಸದ್ದು ಕೇಳುತ್ತಿದೆ. ಆಗಾಗ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

ಉಳಿದ ಇಬ್ಬರು ನೆಂಟರನ್ನೂ ಕಳಿಸಬೇಕೆಂದರೆ ಸಿಪಿಯುವನ್ನೇ ಆಚೆ ಇಡಬೇಕು. ಗೋಡೆಯ ಆ ಕಡೆ ಸಾಮಾನಿನ ಕೋಣೆ ಇದೆ. ಐದು ಮೀಟರ್ ಎಚ್‌ಡಿಎಂಐ ವೈರ್ ಸಿಗುತ್ತದೆ, ಒಂದು ಯುಎಸ್‌ಬಿ ವೈರ್ ಸಾಕು. ಗೋಡೆಯಲ್ಲಿ ಒಂದೂವರೆ ಇಂಚಿನ ತೂತು ಆದರೆ ಆಯಿತು. ಒಂದನೇ ತಾರೀಖು ಬಾಡಿಗೆ ಕೊಡಲು ಹೋದಾಗ ಓನರ್ ಆಂಟಿಯನ್ನು ಕೇಳಬೇಕು. ಆದರೆ ಹೋದ ವರ್ಷ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆದಿದ್ದಕ್ಕೇ ಅವರು...