ಮೂರು ಪಿಕ್ಸೆಲ್ ಅಗಲದ ಎಂ

ಭಾನುವಾರ, 14 ಜುಲೈ 2024

ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಹಳೆಯ ಮನೆ ಕಂಪ್ಯೂಟರಿನ ಪರದೆಯ ಒಂದು ಸಾಲಿಗೆ 32 ಅಕ್ಷರ. ಅಷ್ಟೇ. ಹುಬ್ಬಳ್ಳಿ ನಿಲ್ದಾಣದ ಈಗಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ 'ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ' ಅಂತ ಹೊಡೆದರೆ, ನಡುವಿನ ಖಾಲಿ ಜಾಗವೂ ಸೇರಿ 35 ಆಗುತ್ತದೆ. ರೈಲು ಎಷ್ಟು ಹೊತ್ತಿಗೆ ಅಂತ ತೋರಿಸುವ ಮಾತು ಹಾಗಿರಲಿ, ಹೆಸರೇ ಮುಂದಿನ ಸಾಲಿಗೆ ಉರುಳಿಬಿಡುತ್ತದೆ. ಆಂಧ್ರದ ವೆಂಕಟನರಸಿಂಹರಾಜುವಾರಿಪೇಟ 28 ಅಕ್ಷರ. ಅದು ಹೇಗೋ ಹಿಡಿಸುತ್ತದೆ. ಆದರೆ ಪಕ್ಕದಲ್ಲಿ ಉಳಿಯುವುದು ನಾಲ್ಕೇ ಮನೆ. '12:30' ಅಂತ ಬರೆಯಲು ಐದು ಬೇಕು.

ಸುಮ್ನೆ ಖುಷಿಗೆ ಹಿಡಿದುಕೊಂಡ ಕೆಲಸ ಇದು. 1982ರ ಯಂತ್ರಕ್ಕೆ ಒಂದು ರೈಲ್ವೆ ವೇಳಾಪಟ್ಟಿ. ಓಡುವುದು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ, ಅಂದರೆ ಆ ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶದಲ್ಲಿ. ಯಾರಿಗೂ ಬೇಕಾಗಿಲ್ಲ. ಸ್ಪೆಕ್ಟ್ರಮ್ ನಮ್ಮ ದೇಶಕ್ಕೆ ತೀರಾ ಹೊರಗಿನದೇನಲ್ಲ. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನುವವರು 1986ರಲ್ಲಿ ಲೈಸೆನ್ಸ್ ತೆಗೆದುಕೊಂಡು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಅಂತ ಇಲ್ಲೇ ಮಾರುತ್ತಿದ್ದರು. ಆ ಕಾಲದಲ್ಲಿ ಅದರಲ್ಲಿ ಯಾರಾದರೂ ಊರಿನ ಹೆಸರುಗಳ ಪಟ್ಟಿ ಮಾಡಿದ್ದರೆ ಇದೇ ಗೋಳು ಅನುಭವಿಸಿರುತ್ತಾರೆ. ನಮ್ಮ ಕಡೆಯ ಊರುಗಳ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಹೋದರೆ ಉದ್ದ ಜಾಸ್ತಿ.

ಈಗ ಯಂತ್ರದ ಒಳಗಿನ ಕಥೆ. ಪರದೆ 256 ಪಿಕ್ಸೆಲ್ ಅಗಲ, 192 ಎತ್ತರ. ಚಿತ್ರಕ್ಕೆ 6144 ಬೈಟ್, ಬಣ್ಣಕ್ಕೆ 768 ಬೈಟ್. ಒಂದು ಬೈಟ್ ಅಂದರೆ ಎಂಟು ಬಿಟ್; ಚಿತ್ರದಲ್ಲಿ ಒಂದು ಬಿಟ್ ಅಂದರೆ ಒಂದು ಪಿಕ್ಸೆಲ್, 1 ಇದ್ದರೆ ಚುಕ್ಕಿ, 0 ಇದ್ದರೆ ಖಾಲಿ. ಅಕ್ಷರಗಳ ಆಕಾರ ರಾಮ್‌ನಲ್ಲಲ್ಲ, ರೋಮ್‌ನಲ್ಲಿ (ಬದಲಿಸಲಾಗದ ನೆನಪಿನಲ್ಲಿ) 15616ನೇ ವಿಳಾಸದಿಂದ ಶುರು. 96 ಅಕ್ಷರ, ಒಂದೊಂದಕ್ಕೆ ಎಂಟು ಬೈಟ್. ಆ ಅಕ್ಷರಗಳು ಹಿಡಿಸದಿದ್ದರೆ ಬದಲಾಯಿಸುವುದು ತುಂಬ ಸುಲಭ. 23606 ಮತ್ತು 23607ರಲ್ಲಿ ಒಂದು ವಿಳಾಸ ಇರುತ್ತದೆ, ಅಲ್ಲಿಗೆ ಎರಡು ಪೋಕ್ (ನೆನಪಿನ ಒಂದು ವಿಳಾಸಕ್ಕೆ ನೇರವಾಗಿ ಸಂಖ್ಯೆ ಬರೆಯುವ ಆಜ್ಞೆ) ಹೊಡೆದರೆ ಮುಗಿಯಿತು, ನಿಮ್ಮದೇ ಫಾಂಟ್. ಅಲ್ಲಿರುವ ವಿಳಾಸ 15616 ಅಲ್ಲ, 15360. ಮೊದಲ 32 ಕೋಡ್‌ಗಳಿಗೆ ಆಕಾರವಿಲ್ಲ, ಆ ಲೆಕ್ಕದ 256 ಬೈಟನ್ನು ಮೊದಲೇ ಕಳೆದು ಇಟ್ಟಿದ್ದಾರೆ. ಎಷ್ಟೋ ಆಟಗಳ ಚಂದದ ಅಕ್ಷರಗಳ ಗುಟ್ಟು ಈ ಎರಡು ಪೋಕ್.

ಆದರೆ ಪೋಕ್ ಆಕಾರ ಬದಲಿಸುತ್ತದೆ, ಅಗಲವನ್ನಲ್ಲ. ರೋಮ್‌ನಲ್ಲಿರುವ ಪ್ರಿಂಟ್ ಕೋಡ್ ಒಂದು ಅಕ್ಷರ ಬರೆದು ಮುಂದಿನ ಬೈಟಿಗೆ ಹೋಗುತ್ತದೆ. ಅದಕ್ಕೆ ಗೊತ್ತಿರುವುದು ಎಂಟು ಪಿಕ್ಸೆಲ್ ಹೆಜ್ಜೆ ಒಂದೇ. ಅಕ್ಷರ ಸಣ್ಣಗಾಗಬೇಕಾದರೆ ಆ ಕೋಡನ್ನೇ ಬಿಟ್ಟು, ಪರದೆಯನ್ನು ಚಿತ್ರದ ಹಾಳೆ ಅಂದುಕೊಂಡು ನಾವೇ ಬರೆಯಬೇಕು. ಆಗ ಮೂರು ದಾರಿ. ನಾಲ್ಕು ಪಿಕ್ಸೆಲ್ ಮನೆ ಅಂದರೆ ಸಾಲಿಗೆ 64 ಅಕ್ಷರ. ಐದು ಅಂದರೆ 51. ಆರು ಅಂದರೆ 42. ಪ್ರತಿ ಮನೆಯಲ್ಲೂ ಒಂದು ಪಿಕ್ಸೆಲ್ ಪಕ್ಕದವನಿಗೆ ತಾಗದಂತೆ ಖಾಲಿ ಬಿಡಬೇಕು. ಹಾಗಾಗಿ ಅಕ್ಷರಕ್ಕೆ ಸಿಗುವುದು ಮೂರು, ನಾಲ್ಕು, ಇಲ್ಲವೇ ಐದು.

ಮೊದಲು 64 ಹಿಡಿದೆ. ಅದರ ಕೋಡ್ ಬರೆಯುವುದೇ ಒಂದು ಸುಖ. ಒಂದು ಬೈಟಿನಲ್ಲಿ ಸರಿಯಾಗಿ ಎರಡು ಅಕ್ಷರ, ಎಡಕ್ಕೆ ಒಂದು, ಬಲಕ್ಕೆ ಒಂದು. ಝಡ್80ರ (ಈ ಯಂತ್ರದ ಪ್ರೊಸೆಸರ್) ಮಾಮೂಲಿ ಷಿಫ್ಟ್ ಸೂಚನೆಗಳು ಒಂದು ಸಲಕ್ಕೆ ಒಂದೇ ಬಿಟ್ ಸರಿಸುತ್ತವೆ, ಹಾಗಾಗಿ ಸರಿಸುವ ತಂಟೆಯೇ ಬೇಡ ಅಂತ ಪ್ರತಿ ಅಕ್ಷರದ ಆಕಾರವನ್ನು ಬೈಟಿನ ಎರಡೂ ಅರ್ಧದಲ್ಲಿ ಇಟ್ಟುಬಿಟ್ಟೆ. ಎಡಗಡೆ ಬೇಕಾದಾಗ 240ರ ಜೊತೆ ಆಂಡ್ ಮಾಡುವುದು (ಬೇಡದ ಅರ್ಧವನ್ನು ಅಳಿಸುವ ಲೆಕ್ಕ), ಬಲಗಡೆ ಬೇಕಾದಾಗ 15ರ ಜೊತೆ. ಒತ್ತಿಕೊಂಡು ಕೂತರೆ 384 ಬೈಟ್ ಸಾಕಿತ್ತು, ಹೀಗೆ ಮಾಡಿದರೆ 768. ನಮ್ಮ ಪಟ್ಟಿಗೆ ಅದೇನೂ ಭಾರವಲ್ಲ. ಸ್ಪೆಕ್ಟ್ರಮ್ ಪರದೆಯ ವಿಳಾಸಗಳ ಜೋಡಣೆ ವಿಚಿತ್ರ ಅಂತ ಎಲ್ಲರೂ ಬೈಯುತ್ತಾರೆ. ಅಕ್ಷರ ಬರೆಯುವವನಿಗೆ ಮಾತ್ರ ಅದು ವರ. ಒಂದೇ ಅಕ್ಷರದೊಳಗೆ ಒಂದು ಗೆರೆ ಕೆಳಗೆ ಇಳಿಯಲು ಎಚ್ ರಿಜಿಸ್ಟರಿಗೆ (ಪ್ರೊಸೆಸರಿನೊಳಗೆ ವಿಳಾಸದ ಮೇಲಿನ ಅರ್ಧ ಇಡುವ ಜಾಗ) ಒಂದು ಕೂಡಿಸಿದರೆ ಆಯಿತು. 1983ರ ಟಾಸ್‌ವರ್ಡ್ ಟೂ ಅನ್ನುವ ವರ್ಡ್ ಪ್ರೊಸೆಸರ್ ಸಾಲಿಗೆ 64 ಅಕ್ಷರ ತೋರಿಸುತ್ತಿತ್ತು. ಪತ್ರ ಬರೆಯುವವರಿಗೆ ಸಾಲು ಕಾಗದದಲ್ಲಿ ಹೇಗೆ ಬರುತ್ತದೆ ಅಂತ ಕಾಣಬೇಕು, ಅಲ್ವಾ. ಆ ಕಾಲದ ಟಿವಿಯಲ್ಲಿ, ಅದೂ ಆಂಟೆನಾ ವೈರಿನ ಮೂಲಕ ಬಂದ ಚಿತ್ರದಲ್ಲಿ ಅದನ್ನು ಓದಿದವರ ಕಣ್ಣಿಗೆ ಒಂದು ನಮಸ್ಕಾರ.

ಕೋಡ್ ಸುಲಭ, ಆಕಾರವೇ ಕಷ್ಟ. ಎ ಸಲೀಸಾಗಿ ಬರುತ್ತದೆ. ಮೇಲೆ 010, ಅದರ ಕೆಳಗೆ 101, ನಡುವೆ ಅಡ್ಡಗೆರೆಗೆ 111, ಮತ್ತೆ 101. ಟಿ, ಐ, ವೈ ಇವೂ ಸಾಧು ಪ್ರಾಣಿಗಳು. ಎಂ ಬಂದಾಗ ನಿಲ್ಲಬೇಕಾಗುತ್ತದೆ. ಎಂಗೆ ಮೂರು ಕಂಬ ಬೇಕು, ಕಂಬಗಳ ನಡುವೆ ಎರಡು ಸಂದು ಬೇಕು. ಅಂದರೆ ಕಡಿಮೆ ಅಂದರೂ ಐದು ಪಿಕ್ಸೆಲ್. ಕೈಯಲ್ಲಿರುವುದು ಮೂರು. ಆಗ ಏನು ಮಾಡುತ್ತಾರೆ ಅಂದರೆ, ಎರಡು ಕಂಬ ನಿಲ್ಲಿಸಿ ಮೇಲಿನ ಎರಡು ಗೆರೆಯಲ್ಲಿ ನಡುವನ್ನು ತುಂಬಿಬಿಡುತ್ತಾರೆ. ಅದು ಎಂ. ತುಂಬಿದ್ದು ಕೆಳಗಿದ್ದರೆ ಡಬ್ಲ್ಯು. ನಡುವೆ ಒಂದೇ ಗೆರೆ ತುಂಬಿದ್ದರೆ ಎಚ್. ಮೂರು ಅಕ್ಷರಗಳ ನಡುವಿನ ವ್ಯತ್ಯಾಸ ಅಂದರೆ ಒಂದು ಚುಕ್ಕಿ ಎಷ್ಟು ಎತ್ತರದಲ್ಲಿದೆ ಅನ್ನುವುದಷ್ಟೇ. ಎನ್ ಇನ್ನೂ ಪಾಪ. ಓರೆ ಗೆರೆಗೆ ಜಾಗವೇ ಇಲ್ಲ. ಮೇಲೆ 110 ಇಟ್ಟು ಕೆಳಗೆಲ್ಲ 101 ಇಟ್ಟರೆ ಎನ್. ಅದರ ಕೊನೆಯ ಗೆರೆ ಒಂದನ್ನು 110 ಮಾಡಿದರೆ ಡಿ.

ಮಂಡ್ಯ ಅಂತ ಇಂಗ್ಲಿಷಿನಲ್ಲಿ ಬರೆದು ನೋಡಿ. ಎಂ, ಎ, ಎನ್, ಡಿ. ಫಾಂಟ್ ಪರೀಕ್ಷೆಗೆ ಇದಕ್ಕಿಂತ ಕೆಟ್ಟ ಊರು ಸಿಗಲಿಕ್ಕಿಲ್ಲ.

ಅಕ್ಕನ ಮಗ ಊಟಕ್ಕೆ ಬಂದಿದ್ದ. ಅವನನ್ನು ಕೂರಿಸಿ ಓದಿಸಿದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ ಎಲ್ಲ ತಡವರಿಸದೆ ಓದಿದ. ನನಗೆ ಖುಷಿಯೋ ಖುಷಿ. ಆಮೇಲೆ ಅದೇ ಫಾಂಟಿನಲ್ಲಿ ನಿಲ್ದಾಣಗಳ ಕೋಡ್ ತೋರಿಸಿದೆ. ಬಂಗಾರಪೇಟೆಯ ಬಿಡಬ್ಲ್ಯುಟಿಯನ್ನು ಬಿಎಚ್‌ಟಿ ಅಂದ. ಹುಬ್ಬಳ್ಳಿಯ ಯುಬಿಎಲ್‌ಗೆ 'ಮಾಮ, ಇದು ಎಂಟಾ, ಬಿನಾ?' ಅಂತ ಕೇಳಿದ. ಅವನ ಕಣ್ಣಿನ ದೋಷವಲ್ಲ. ಊರಿನ ಹೆಸರು ಓದುವಾಗ ನಾವು ಒಂದೊಂದೇ ಅಕ್ಷರ ನೋಡುವುದಿಲ್ಲ, ಇಡೀ ಪದವನ್ನು ಗುರುತು ಹಿಡಿಯುತ್ತೇವೆ. ಅಕ್ಕಪಕ್ಕದ ಅಕ್ಷರಗಳು ಕೈಹಿಡಿದು ನಡೆಸುತ್ತವೆ. ಕೋಡಿನಲ್ಲಿ ಆ ಆಸರೆ ಇಲ್ಲ. ಹಾಗಾಗಿ ಮೂರು ಪಿಕ್ಸೆಲ್ ಫಾಂಟ್ ಕಥೆ ಓದಲು ನಡೆಯುತ್ತದೆ, ಆದರೆ ಪಟ್ಟಿಗೆ, ಅಂಕಿ-ಸಂಖ್ಯೆಗೆ, ಪಾಸ್‌ವರ್ಡಿಗೆ ನಂಬಿಕೆಗೆ ಅರ್ಹವಲ್ಲ. ನಾನು ಅದನ್ನು ಹಿಡಿದದ್ದು ಪಟ್ಟಿಗೇ ಅನ್ನುವುದು ತಮಾಷೆ.

ಸರಿ, ಒಂದು ಪಿಕ್ಸೆಲ್ ಜಾಸ್ತಿ ಕೊಟ್ಟರೆ ಸುಧಾರಿಸುತ್ತದೆ ಅಂತ ಅನಿಸುವುದು ಸಹಜ. 51 ಅಕ್ಷರದ ಸಾಲು. ನನ್ನ ಪ್ರಕಾರ ಮೂರರಲ್ಲಿ ಅತಿ ಕೊಳಕು ಇದೇ. ಕಾರಣ ಸರಳ. ಇಲ್ಲಿ ಅಕ್ಷರಕ್ಕೆ ನಾಲ್ಕು ಪಿಕ್ಸೆಲ್, ಸಮ ಸಂಖ್ಯೆ. ಸಮ ಸಂಖ್ಯೆಗೆ ನಡು ಅನ್ನುವುದೇ ಇಲ್ಲ. ಟಿಯ ಕಾಲು ಎಡಕ್ಕೆ ವಾಲುತ್ತದೆ, ಇಲ್ಲವೇ ಬಲಕ್ಕೆ. ಎರಡು ಪಿಕ್ಸೆಲ್ ದಪ್ಪ ಮಾಡಿದರೆ ಪಕ್ಕದ ಅಕ್ಷರಗಳ ಮುಂದೆ ಆನೆಕಾಲು. ಐ, ವಿ, ವೈ ಎಲ್ಲವಕ್ಕೂ ಅದೇ ರೋಗ. ಎಂಗೆ ಬೇಕಾದ ಐದು ಇಲ್ಲೂ ಇಲ್ಲ. 'ಟೈಮ್' ಅಂತ ಇಂಗ್ಲಿಷಿನಲ್ಲಿ ತಲೆಬರಹ ಹಾಕಿದೆ. ನಾಲ್ಕರಲ್ಲಿ ಮೂರು ಅಕ್ಷರ ಕುಡಿದು ನಿಂತ ಹಾಗೆ ಕಂಡಿತು.

ಇದು ನನ್ನೊಬ್ಬನ ಹಟವಲ್ಲ. ಸ್ಪೆಕ್ಟ್ರಮ್‌ನ ರೋಮ್ ಅಕ್ಷರಗಳನ್ನೇ ನೋಡಿ. ಅಲ್ಲಿನ ಎ ಬೈಟುಗಳು 0, 60, 66, 66, 126, 66, 66, 0. 126 ಅಂದರೆ ಬಿಟ್ ಲೆಕ್ಕದಲ್ಲಿ 01111110, ಆರು ಪಿಕ್ಸೆಲ್ ಅಗಲ. ಎಂ, ಎನ್, ಎಚ್ ಕೂಡ ಆರೇ. ಆದರೆ ಟಿಯ ಮೇಲಿನ ಗೆರೆ 254, ಅಂದರೆ 11111110. ಎಣಿಸಿದರೆ ಏಳು ಪಿಕ್ಸೆಲ್. ವೈ ಕೂಡ ಏಳು. ಐ ಮಾತ್ರ ಐದು. ನಡು ಕಂಬ ಇರುವ ಅಕ್ಷರ ಬಂದಾಗೆಲ್ಲ, ಅದನ್ನು ಮಾಡಿದವರು ಸದ್ದಿಲ್ಲದೆ ಬೆಸ ಸಂಖ್ಯೆಗೆ ಜಾರಿಕೊಂಡಿದ್ದಾರೆ. ಎಂಟು ಪಿಕ್ಸೆಲ್ ಮನೆಯಲ್ಲಿ ಹಾಗೆ ಜಾರಲು ಜಾಗವಿತ್ತು. ಐದರ ಮನೆಯಲ್ಲಿ ಇಲ್ಲ.

ಹಾಗಾಗಿ ಕೊನೆಗೆ 42. ಐದು ಪಿಕ್ಸೆಲ್ ಬಂದ ತಕ್ಷಣ ಎಲ್ಲರಿಗೂ ಉಸಿರು ಬರುತ್ತದೆ. ಎಂ ಮೇಲೆ 10001, ಕೆಳಗೆ 11011, ಆಮೇಲೆ 10101. ಯಾವ ನೆಪವೂ ಇಲ್ಲದ ನಿಜವಾದ ಎಂ. ಎನ್‌ಗೆ ಓರೆ ಗೆರೆ ಸಿಕ್ಕಿತು. ಟಿ ನೆಟ್ಟಗೆ ನಿಂತಿತು. ಇಂಜಿನಿಯರಿಂಗ್ ಓದಿದವರಿಗೆ ಈ ಐದು ಹೊಸದಲ್ಲ. ಲ್ಯಾಬಿನಲ್ಲಿ ಮೈಕ್ರೋಕಂಟ್ರೋಲರಿಗೆ ಜೋಡಿಸುತ್ತಿದ್ದ ಆ 16×2 ಎಲ್‌ಸಿಡಿ ನೆನಪಿದೆಯಾ? ಅದರ ಒಂದೊಂದು ಮನೆಯೂ ಐದು ಚುಕ್ಕಿ ಅಗಲ, ಎಂಟು ಎತ್ತರ. ಎಂಎಸ್‌ಎಕ್ಸ್ ಅನ್ನುವ ಆ ಕಾಲದ ಮನೆ ಕಂಪ್ಯೂಟರುಗಳಂತೂ ಇದನ್ನು ಹಾರ್ಡ್‌ವೇರಿನಲ್ಲೇ ಮಾಡಿದ್ದವು. ಅವುಗಳ 'ಸ್ಕ್ರೀನ್ 0'ದಲ್ಲಿ ಆರು ಪಿಕ್ಸೆಲ್ ಮನೆ, ಸಾಲಿಗೆ 40 ಅಕ್ಷರ. ಫಾಂಟ್ ಬೈಟಿನ ಬಲಗಡೆಯ ಎರಡು ಬಿಟ್‌ಗಳನ್ನು ಚಿಪ್ ನೋಡುವುದೇ ಇಲ್ಲ.

ಸ್ಪೆಕ್ಟ್ರಮ್‌ನಲ್ಲಿ ಆ ಸೌಕರ್ಯ ಇಲ್ಲ. ಮೂರು ಬೈಟಿಗೆ ನಾಲ್ಕು ಅಕ್ಷರ. ಕೆಂಪು ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂತ ಹಾಗೆ, ಯಾರೂ ತಮ್ಮ ಜಾಗದಲ್ಲಿ ಪೂರ್ತಿ ಇರುವುದಿಲ್ಲ. ಮೊದಲ ಅಕ್ಷರ ಬೈಟಿನ ಶುರುವಿನಿಂದ, ಎರಡನೆಯದು (ಎಡದಿಂದ, ಸೊನ್ನೆಯಿಂದ ಎಣಿಸಿದರೆ) ಆರನೇ ಬಿಟ್‌ನಿಂದ, ಮೂರನೆಯದು ನಾಲ್ಕರಿಂದ, ನಾಲ್ಕನೆಯದು ಎರಡರಿಂದ. ಐದನೆಯದು ಮತ್ತೆ ಸೊನ್ನೆಗೆ. ಇವುಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಒಂದೇ ಬೈಟಿನಲ್ಲಿ ಮುಗಿಯುತ್ತವೆ. ನಡುವಿನ ಎರಡು ಮಾತ್ರ ಪಕ್ಕದ ಬೈಟಿಗೆ ಚಾಚಿಕೊಳ್ಳುತ್ತವೆ. ನಾಲ್ಕು ಸ್ಥಾನಕ್ಕೆ ನಾಲ್ಕು ಬೇರೆ ಬೇರೆ ಕೋಡ್ ತುಣುಕು ಬರೆದೆ. ಒಂದೇ ಕೋಡಿನಲ್ಲಿ ಎಲ್ಲ ನಿಭಾಯಿಸುವುದಕ್ಕಿಂತ ಇದು ಬೇಗ ಓಡುತ್ತದೆ, ಓದಲೂ ಸುಲಭ.

ಬೇರೆ ಯಂತ್ರದವರಿಗೆ ಈ ತಲೆನೋವು ಕಡಿಮೆ ಇತ್ತು. ಬಿಬಿಸಿ ಮೈಕ್ರೋದ 'ಮೋಡ್ 0'ದಲ್ಲೂ ಆಮ್‌ಸ್ಟ್ರಾಡ್ ಸಿಪಿಸಿಯ 'ಮೋಡ್ 2'ರಲ್ಲೂ 640 ಪಿಕ್ಸೆಲ್ ಅಗಲ, ಮಾಮೂಲಿ ಎಂಟರ ಅಕ್ಷರದಲ್ಲೇ 80 ಕೂರುತ್ತವೆ. ಬೆಲೆ ಬೇರೆ ರೀತಿಯಲ್ಲಿ ತೆರಬೇಕು. ಬಿಬಿಸಿಯ 32 ಕೆಬಿಯಲ್ಲಿ 20 ಕೆಬಿ ಪರದೆಗೇ ಹೋಗುತ್ತದೆ. ಕಮೊಡೋರ್ 64ಕ್ಕೆ 320 ಪಿಕ್ಸೆಲ್, ಅಲ್ಲೂ ನಾಲ್ಕರ ಮನೆ ಮಾಡಿದರೆ 80. ಆದರೆ ಅದರ ಸ್ವಂತ ಅಕ್ಷರಗಳ ಕಂಬ ಎರಡು ಪಿಕ್ಸೆಲ್ ದಪ್ಪ. ಟಿವಿಯಲ್ಲಿ ಒಂದೇ ಪಿಕ್ಸೆಲ್ ಗೆರೆಯ ಬಣ್ಣ ಕದಡಿಹೋಗುತ್ತದೆ, ಅದಕ್ಕೆ. ಆ ದಪ್ಪ ಅಕ್ಷರವನ್ನು ಹಿಂಡಿ ಸಣ್ಣ ಮಾಡಲು ಆಗುವುದಿಲ್ಲ, ಮೊದಲಿನಿಂದ ಬರೆಯಬೇಕು.

ಕನ್ನಡದಲ್ಲೇ ಮಾಡಬಾರದಾ ಅಂತ ನೀವು ಕೇಳುತ್ತೀರಿ, ಗೊತ್ತು. ಅಂಕಿಗಳಿಂದ ಶುರು ಮಾಡಿ ನೋಡಿದೆ. ಮೂರು ಪಿಕ್ಸೆಲ್‌ನಲ್ಲಿ ೦ ಮತ್ತು ೧ರ ನಡುವೆ ಉಳಿಯುವುದು ಕೆಳಗಿನ ಗೆರೆಯೊಂದರ ವ್ಯತ್ಯಾಸ. ಹನ್ನೊಂದೋ ಹತ್ತೋ ಅಂತ ಪ್ಲಾಟ್‌ಫಾರ್ಮಿನಲ್ಲಿ ಜಗಳ ಆಗುತ್ತದೆ. ಇಂಗ್ಲಿಷ್ ಅಕ್ಷರಗಳು ಹೆಚ್ಚಾಗಿ ನೆಟ್ಟಗಿನ ಕಂಬಗಳು, ಅಕ್ಕಪಕ್ಕ ಒತ್ತಿದರೂ ಕಂಬ ಕಂಬವೇ. ನಮ್ಮವು ದುಂಡು. ಒತ್ತಿದರೆ ದುಂಡೇ ಹೋಗುತ್ತದೆ. ರ ಮತ್ತು ಠ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸೀಳು. ಇನ್ನು ಎತ್ತರದ ಮಾತು. ಹುಬ್ಬಳ್ಳಿ ಅನ್ನುವ ಪದ ಒಂದರಲ್ಲೇ ಎರಡು ಒತ್ತಕ್ಷರ. ತಲೆಕಟ್ಟು, ಅಕ್ಷರ, ಒತ್ತು ಎಲ್ಲ ಎಂಟು ಗೆರೆಯಲ್ಲಿ ಕೂರುವುದಿಲ್ಲ. ಹದಿನಾರು ಬೇಕು. ಆಗ 24 ಸಾಲಿನ ಪರದೆ 12 ಸಾಲಾಗುತ್ತದೆ. ಸ್ಪೆಕ್ಟ್ರಮ್ ಬಳಕೆದಾರನಿಗೆ ಅಂತ ಕೊಟ್ಟಿರುವ ಸ್ವಂತ ಆಕಾರಗಳು 21. ನಮ್ಮ ವರ್ಗೀಯ ವ್ಯಂಜನಗಳೇ 25! ಮುಂದೆ ಪಿಸಿಗಳಲ್ಲಿ ಕನ್ನಡ ತೋರಿಸಲು ಜಿಸ್ಟ್ ಅನ್ನುವ ಬೇರೆಯೇ ಕಾರ್ಡ್ ಹಾಕುತ್ತಿದ್ದರು ಅಂದರೆ ಆಶ್ಚರ್ಯವಿಲ್ಲ. ಕನ್ನಡಕ್ಕೆ ಬೇಕಾದದ್ದು ಸಣ್ಣ ಫಾಂಟ್ ಅಲ್ಲ, ದೊಡ್ಡ ಪರದೆ.

ಬಣ್ಣದ ವಿಷಯ ಒಂದು ಉಳಿದಿತ್ತು. ಸ್ಪೆಕ್ಟ್ರಮ್‌ನಲ್ಲಿ ಬಣ್ಣ ಎಂಟು ಪಿಕ್ಸೆಲ್ ಚೌಕಕ್ಕೆ ಒಂದು ಜೋಡಿ ಮಾತ್ರ. ಆರರ ಮನೆಯ ಅಕ್ಷರ ಆ ಚೌಕದ ಗೆರೆಗಳಿಗೆ ಸೇರಿಕೊಳ್ಳುವುದು ನಾಲ್ಕಕ್ಕೊಮ್ಮೆ. ನಡುವೆ ಎಲ್ಲಿಂದಲಾದರೂ ಬಣ್ಣ ಶುರು ಮಾಡಿದರೆ ಪಕ್ಕದ ಅಕ್ಷರದ ಬಾಲಕ್ಕೂ ಬಣ್ಣ ಬಳಿದುಕೊಳ್ಳುತ್ತದೆ. ಅಂದರೆ ಪಟ್ಟಿಯ ಕಂಬಸಾಲುಗಳು 0, 4, 8 ಹೀಗೆ ನಾಲ್ಕರ ಮಗ್ಗಿಯಲ್ಲೇ ಶುರುವಾಗಬೇಕು. ಹುಬ್ಬಳ್ಳಿಯ ಹೆಸರು 0ರಿಂದ 34ರವರೆಗೆ. 35 ಖಾಲಿ. ಸಮಯ 36ರಿಂದ. ಮೂವತ್ತಾರು ಸರಿಯಾಗಿ ನಾಲ್ಕರ ಮಗ್ಗಿಯಲ್ಲಿದೆ, 27ನೇ ಬೈಟಿನ ಶುರುವಿಗೆ ಬಂದು ಕೂರುತ್ತದೆ. ಐದು ಅಕ್ಷರದ ಸಮಯ ಮುಗಿದು ಇನ್ನೂ ಒಂದು ಮನೆ ಉಳಿಯುತ್ತದೆ. ಹೆಸರು ಬಿಳಿ, ಸಮಯ ಹಳದಿ, ಒಂದಕ್ಕೊಂದು ಮೆತ್ತಿಕೊಳ್ಳದೆ. ಸಿದ್ಧಾರೂಢರ ಕೃಪೆ ಅನ್ನಬೇಕು.

ದೊಡ್ಡಕ್ಷರ, ಅಂಕಿ, ಚಿಹ್ನೆಗಳು ಎಲ್ಲ ಸಿದ್ಧವಾಗಿವೆ. ಸಣ್ಣಕ್ಷರಗಳಲ್ಲಿ ಜಿ ಮತ್ತು ವೈ ಬಾಲಗಳನ್ನು ಕೊನೆಯ ಗೆರೆಗೆ ಇಳಿಸುವುದು ಬಾಕಿ. ಮೇಲ್ ಐಡಿಯಲ್ಲಿ ಬರುವ 'ಅಟ್' ಚಿಹ್ನೆ ಐದು ಪಿಕ್ಸೆಲ್‌ನಲ್ಲೂ ಚಕ್ಕುಲಿ ತುಂಡಿನ ಹಾಗೆ ಕಾಣುತ್ತಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ. 1982ರ ಯಂತ್ರದ ರೈಲ್ವೆ ವೇಳಾಪಟ್ಟಿಯಲ್ಲಿ ಯಾರೂ ಮೇಲ್ ಐಡಿ ಕೇಳುವುದಿಲ್ಲ.