ಇಳಿಯುವಾಗಿನ ಭಾರ

ಕಳೆದ ಶನಿವಾರ ಮ್ಯಾನಿಟೂ ಇನ್‌ಕ್ಲೈನ್‌ನ ತುದಿಯಲ್ಲಿ ಕಿವಿಗೆ ಬಿದ್ದ ಒಂದು ಪ್ರಶ್ನೆ ವಾರವಿಡೀ ನನ್ನನ್ನು ಕಾಡುತ್ತಿದೆ. ಅಮೆರಿಕದ ಕೊಲರಾಡೊದ ಈ ಗುಡ್ಡದಲ್ಲಿ, ಹಿಂದೆ ಕೇಬಲ್ ರೈಲು ಓಡುತ್ತಿದ್ದ ಹಳಿಯ ಜಾಡಿನಲ್ಲೇ 2,700ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ ಸುಮಾರು 2,000 ಅಡಿ ಏರಬೇಕು. ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬಿಲ್ಲುಬಾಣದಿಂದ ಬೇಟೆಯಾಡಲು ಸೆಪ್ಟೆಂಬರ್‌ನಲ್ಲಿ ನೆರೆಮನೆಯ ಗೆಳೆಯನೊಂದಿಗೆ ಹೋಗಲಿರುವ ನಾನೂ ಅಲ್ಲಿಗೆ ಬೆನ್ನಚೀಲ ಹೊತ್ತು ಹೋಗುತ್ತೇನೆ.

ನನಗಿಂತ ಮೊದಲೇ ತುದಿ ಮುಟ್ಟಿದ್ದ ಯುವಕನೊಬ್ಬ ಚೀಲದಿಂದ ನೀರಿನ ಕ್ಯಾನ್‌ಗಳನ್ನು ತೆಗೆದು ಕಲ್ಲುಗಳ ಮೇಲೆ ಸುರಿಯುತ್ತಿದ್ದ. ಭಾರ ಹೊತ್ತು ಹತ್ತಿ, ಮಂಡಿಗಳನ್ನು ಉಳಿಸಿಕೊಳ್ಳಲು ಹಗುರಾಗಿ ಇಳಿಯುವುದು ಬೆಟ್ಟ ಹತ್ತುವವರ ಹಳೆಯ ರೂಢಿ. ಪಕ್ಕದಲ್ಲಿ ಕುಳಿತಿದ್ದ, ಅರವತ್ತು ದಾಟಿರಬಹುದಾದ ಮಹಿಳೆಯೊಬ್ಬರು ಎಲ್ಕ್ ಬೇಟೆಗೆ ತಯಾರಿಯೇ ಎಂದು ಅವನನ್ನು ಕೇಳಿದರು. ಅವನು ಹೆಮ್ಮೆಯಿಂದ ಹೌದೆಂದ. "ಹಾಗಾದರೆ ನೀರನ್ನೇಕೆ ಚೆಲ್ಲಿದೆ? ಆ ದಿನ ನಿನ್ನ ಬೆನ್ನ ಮೇಲೆ ಭಾರವಿರುವುದು ಇಳಿಯುವಾಗಲ್ಲವೇ?" ಎಂದ ಅವರು, ಉತ್ತರಕ್ಕೆ ಕಾಯದೆ ತಮ್ಮ ತುಂಬಿದ ಚೀಲವನ್ನು ಹೆಗಲಿಗೇರಿಸಿ, ಕೆಳಗಿಳಿಯುವ ಬಾರ್ ಟ್ರೈಲ್ ಎಂಬ ಕಾಲುದಾರಿ ಹಿಡಿದರು.

ಆ ಯುವಕ ಒಳ್ಳೆಯವನೇ ಇರಬೇಕು, ಅವನ ಶ್ರಮವೂ ನಿಜವಾದದ್ದೇ. ಆದರೆ ಜಿಮ್‌ಗಳು ಅವನಂಥವರಿಗೆ ಏರುವುದನ್ನು ಮಾತ್ರ ಕಲಿಸಿವೆ ಎಂಬುದು ನನ್ನ ಅಭಿಪ್ರಾಯ. ಎಲ್ಕ್ ನಮ್ಮ ಕಡವೆಗಿಂತಲೂ ದೊಡ್ಡ ಪ್ರಾಣಿ. ಬಲಿತ ಗಂಡು 300 ಕಿಲೋ ಮೀರುತ್ತದೆ, ಮೂಳೆ ಬಿಡಿಸಿದ ಮೇಲೂ ಸುಮಾರು 90 ಕಿಲೋ ಮಾಂಸ ಉಳಿಯುತ್ತದೆ. ಒಬ್ಬನೇ ಹೊರುವುದಾದರೆ 10,000 ಅಡಿಯ ಎತ್ತರದಿಂದ, ಬಿದ್ದ ಮರಗಳನ್ನು ದಾಟುತ್ತ, ಮೂರು ನಾಲ್ಕು ಬಾರಿ ಓಡಾಡಬೇಕು. ಸೆಪ್ಟೆಂಬರ್ ಆರಂಭದ ಮಧ್ಯಾಹ್ನಗಳು ಬೆಚ್ಚಗಿರುವುದರಿಂದ, ಚರ್ಮ ಸುಲಿದು ಬೇಗ ತಣಿಸದ ಮಾಂಸ ಕೆಟ್ಟುಹೋಗುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ. ಕನಿಷ್ಠಪಕ್ಷ ನಾಲ್ಕೂ ಕಾಲುಗಳ ಭಾಗಗಳನ್ನೂ ಬೆನ್ನಿನ ಮತ್ತು ಒಳಸೊಂಟದ ಮಾಂಸವನ್ನೂ ಹೊತ್ತು ತರಲೇಬೇಕು. ಕಾನೂನು ಇಲ್ಲದಿದ್ದರೂ ಅದನ್ನು ಬಿಟ್ಟು ಬರುವವನನ್ನು ನಾನು ಬೇಟೆಗಾರನೆಂದು ಕರೆಯಲಾರೆ.

ಆ ಮಹಿಳೆಯ ಪ್ರಶ್ನೆಯನ್ನು ಮತ್ತೆ ಮತ್ತೆ ನೆನೆದಂತೆ ಅದರ ಹಿಂದಿರುವ ದೇಹದ ಲೆಕ್ಕವೂ ಸ್ಪಷ್ಟವಾಗುತ್ತ ಹೋಯಿತು. ಹತ್ತುವಾಗ ತೊಡೆಯ ಸ್ನಾಯುಗಳು ಕುಗ್ಗುತ್ತ ದುಡಿಯುತ್ತವೆ. ಇಳಿಯುವಾಗ ಅವೇ ಸ್ನಾಯುಗಳು ಹಿಗ್ಗುತ್ತ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಹೆಚ್ಚು ಪೆಟ್ಟಾಗುತ್ತದೆ, ಮತ್ತು ಆ ನೋವು ತೀವ್ರವಾಗುವುದು ಮರುದಿನ ಅಥವಾ ಅದರಾಚೆಯ ದಿನ, ಅಂದರೆ ಉಳಿದ ಮಾಂಸಕ್ಕಾಗಿ ಮತ್ತೆ ಹತ್ತಬೇಕಾದ ಹೊತ್ತಿಗೆ. ಮೊದಲೇ ಇಳಿಜಾರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಹೊತ್ತು ಪಳಗಿದ ಕಾಲುಗಳಿಗೆ ಅದೇ ಕೆಲಸ ವಾರಗಳ ನಂತರವೂ ಅಷ್ಟು ಹಾನಿ ಮಾಡುವುದಿಲ್ಲ. ಆದರೆ ಮಂಡಿಗಳ ವಿಷಯದಲ್ಲಿ ಆ ಯುವಕನ ಎಚ್ಚರಿಕೆಯೂ ಸುಳ್ಳಲ್ಲ. ಆದ್ದರಿಂದ ಈ ವಾರ ನಾನು ಚೀಲದ ಅರ್ಧ ಭಾರವನ್ನಷ್ಟೇ ಉಳಿಸಿಕೊಂಡು, ಊರುಗೋಲು ಹಿಡಿದು ನಿಧಾನವಾಗಿ ಇಳಿಯುತ್ತಿದ್ದೇನೆ.

ಉಸಿರಿನ ತಯಾರಿ ಬೇಡವೆಂದಲ್ಲ. 10,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70ರಷ್ಟು ಮಾತ್ರ. ಏದುಸಿರು ಬಿಡುತ್ತ ಬಿಲ್ಲೆಳೆದವನ ಕೈ ನಡುಗಿದರೆ ಬಾಣ ಎಲ್ಲೋ ನಾಟಿ, ಪ್ರಾಣಿ ಗಾಯಗೊಂಡು ರಾತ್ರಿಯಿಡೀ ನರಳಬಹುದು. ಹಾಗಾಗಿ ಈ ವ್ಯಾಯಾಮವೆಲ್ಲ ಬೇಟೆಗಾರನ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೆಂದು ನನಗೆ ಅನ್ನಿಸುತ್ತಿಲ್ಲ. ಕೊಲ್ಲುವ ಹಕ್ಕನ್ನು ಪಡೆದವನು ಆ ಪ್ರಾಣಿಗೆ ಸಲ್ಲಿಸಬೇಕಾದ ಋಣವೆಂದೇ ಅನ್ನಿಸುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರದ ಕರ್ನಾಟಕದಲ್ಲಿ ಬೆಳೆದ ನನಗೆ ಪರವಾನಗಿ ಪಡೆದು ಕೊಲ್ಲುವುದೇ ಇನ್ನೂ ಪೂರ್ತಿಯಾಗಿ ಒಗ್ಗಿಲ್ಲವಾದ್ದರಿಂದ, ಈ ಋಣದ ಭಾವನೆ ನನ್ನಲ್ಲಿ ಹೆಚ್ಚೇ ಇರಬಹುದು.

ಬುಧವಾರ ರಾತ್ರಿ ಗೆಳೆಯ ಮತ್ತು ನಾನು ನಕ್ಷೆಯನ್ನು ಹರಡಿಕೊಂಡು ಕುಳಿತೆವು. ಎಲ್ಕ್ ಎಲ್ಲಿ ಸಿಗಬಹುದೆಂದು ಅವನು ಗುರುತು ಹಾಕಿದ್ದ ಜಾಗಗಳನ್ನೆಲ್ಲ ಬದಿಗಿಟ್ಟು, ಇಬ್ಬರೂ ಸೇರಿ ಒಂದೇ ದಿನದಲ್ಲಿ ಇಡೀ ಮಾಂಸವನ್ನು ವಾಹನಕ್ಕೆ ತಲುಪಿಸಬಲ್ಲ ದೂರವನ್ನು ಲೆಕ್ಕಹಾಕಿ ಗೆರೆಯೆಳೆದೆವು. ಅವನಿಗೆ ಪ್ರಿಯವಾದ ಕಣಿವೆಯೊಂದು ಆ ಗೆರೆಯ ಆಚೆ ಉಳಿಯಿತು. ಅಲ್ಲಿ ಎಂಥ ಗಂಡು ಎದುರು ನಿಂತರೂ ಬಾಣ ಬಿಡುವುದಿಲ್ಲವೆಂದು ಅವನು ಒಪ್ಪಿದ್ದಾನೆ.